ಐವತ್ತರಲ್ಲಿ ಸಿಕ್ಕ ನಾದಿನಿ

ಕೆಲಸಕ್ಕೆ ಕೂಡುವ ಮೊದಲು ಆಕೆ ಎರಡೂ ಕೈಯ ಹಸಿರು ಗಾಜಿನ ಬಳೆಗಳನ್ನು ಮೊಣಕೈಯ ಹತ್ತಿರದವರೆಗೆ ಏರಿಸಿ, ಅವು ಜಾರಿ ಬರದ ಹಾಗೆ ಒಂದೊಂದು ರಬ್ಬರ್ ಬ್ಯಾಂಡ್ ಹಾಕುತ್ತಿದ್ದಳು. ಕೆಲಸ ಮುಗಿದು ರಬ್ಬರ್ ಬ್ಯಾಂಡ್ ತೆಗೆದಳೆಂದರೆ ಬಳೆಗಳೆಲ್ಲ ಒಮ್ಮೆಲೇ ಝಲ್ಲೆಂದು ಮಣಿಕಟ್ಟಿಗೆ ಇಳಿಯುತ್ತಿದ್ದವು. ಆ ಸದ್ದು ಕೇಳಿದ ಕೂಡಲೇ ಅಡುಗೆಮನೆಯಲ್ಲಿದ್ದ ನಾನು ಚಹಾಕ್ಕೆ ಇಡಬೇಕು. ಒಲೆಯ ಮೇಲಿನ ಚಹಾಕ್ಕಿಂತ ಮೊದಲು ನನ್ನ ಹೊಟ್ಟೆಯೊಳಗಿನದು ಕುದಿಯುತ್ತಿತ್ತು.

ಆಕೆ ನರ್ಸು. ನಿಪ್ಪಾಣಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಮುಂಜಾನೆಯ ಪಾಳಿ ಮುಗಿಸಿ, ಮಧ್ಯಾಹ್ನ ಸ್ಕೂಟಿಯ ಮೇಲೆ ಮನೆಮನೆಗೆ ಹೋಗಿ ಸಕ್ಕರೆ ಕಾಯಿಲೆಯವರ ಕಾಲಿನ ಗಾಯಗಳಿಗೆ ಪಟ್ಟಿ ಕಟ್ಟುತ್ತಿದ್ದಳು. ಓಣಿಯವರೆಲ್ಲ ಸಿಸ್ಟರ್ ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ, ಬಂದ ವಾರದೊಳಗೇ, ನಾದಿನಿಯಾಗಿ ಕೂತುಬಿಟ್ಟಳು.

ನಮ್ಮ ಮನೆಯವರಿಗೆ ಅಕ್ಕತಂಗಿಯರಿಲ್ಲ. ನನ್ನ ಮದುವೆ ಗೊತ್ತಾದಾಗ ನನ್ನ ತಾಯಿ ನಮ್ಮೂರು ಕರೋಶಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದು ಒಂದೇ ಮಾತು: "ನಾದಿನಿ ಇಲ್ಲದ ಮನಿ ಸಿಕ್ಕೈತಿ ನನ್ನ ಮಗಳಿಗೆ. ಮುಳ್ಳ ಇಲ್ಲದ ಹಾದಿ ನೋಡ್ರಿ." ನಮ್ಮ ಕಡೆ ಹೊಸ ಸೊಸೆ ಮನೆ ತುಂಬುವಾಗ ಗಂಡನ ಅಕ್ಕನೋ ತಂಗಿಯೋ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. "ಏನ ಕೊಡ್ತಿ? ನಿನಗ ಮಗಳ ಹುಟ್ಟಿದ್ರ ನನ್ನ ಮಗಗ ಕೊಡ್ತೀಯೇನು?" ಎಂದು ಸತಾಯಿಸಿ, ಮಾತು ತೆಗೆದುಕೊಂಡೇ ಬಾಗಿಲು ಬಿಡುತ್ತಾಳೆ. ನನಗೆ ಯಾರೂ ಬಾಗಿಲು ತಡೆಯಲಿಲ್ಲ. ಸೇರು ಒದ್ದು ಸೀದಾ ಒಳಗೆ ಬಂದೆ. ಅದು ಪುಣ್ಯ ಎಂದೇ ತಿಳಿದಿದ್ದೆ.

ನಮ್ಮ ಮನೆಯವರು ತಂಬಾಕು ಒಟ್ಟಿಡುವ ವಖಾರಿಯಲ್ಲಿ ಎಲೆಯ ದರ್ಜೆ ನೋಡುವ ಕೆಲಸದಲ್ಲಿದ್ದವರು. ಎಲೆಯನ್ನು ಬೆರಳಲ್ಲಿ ತಿಕ್ಕಿ, ಮೂಗಿಗೆ ಹಿಡಿದು, ಯಾವ ಹೊಲದ್ದು, ಎಂಥ ಬಿಸಿಲು ಕಂಡದ್ದು ಎಂದು ಹೇಳುವವರು. ಮನೆಗೆ ಬಂದರೆ ಮಾತು ಕಡಿಮೆ. ಮನೆದೇವರು ಯಡೂರಿನ ವೀರಭದ್ರ. ಅಮಾವಾಸ್ಯೆಗೆ ಅಂಕಲಿಯವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಬರಿಗಾಲಲ್ಲಿ ನಡೆಯುವುದು ಅವರ ಹರಕೆ. ಆ ಸಲ ಬೇಸಗೆಯ ಅಮಾವಾಸ್ಯೆ. ಡಾಂಬರು ಮೆತ್ತಗಾಗುವಂಥ ಬಿಸಿಲು. ಮರುದಿನ ನಾನು ನೆಲ ಒರೆಸಿ ಎದ್ದು ನೋಡಿದರೆ ಹಸಿ ನೆಲದ ಮೇಲೆ ಅವರ ಒಂದು ಹೆಜ್ಜೆ ಕೆಂಪಗೆ ಬಿದ್ದಿತ್ತು.

"ಅಲ್ರಿ, ಕಾಲಿಗೆ ಏನಾಗೇತಿ?" ಎಂದೆ.

"ಗುಡಿಯಾಗ ಕುಂಕುಮ ತುಳದಿರಬೇಕ ಬಿಡ," ಎಂದರು.

ಕುಂಕುಮ ಅಲ್ಲ. ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಒಡೆದು ಹುಣ್ಣಾಗಿತ್ತು. ಸಕ್ಕರೆ ಕಾಯಿಲೆ ಅವರ ಅಂಗಾಲುಗಳಿಂದ ನೋವನ್ನು ಯಾವಾಗಲೋ ಕದ್ದುಕೊಂಡು ಹೋಗಿತ್ತು. ಅವರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಕಾಲು ಬಾತು, ಚಳಿಜ್ವರ ಬಂದು, ಮಿರಜಿಗೆ ಕರೆದೊಯ್ಯುವ ಹೊತ್ತಿಗೆ ಗಾಯದೊಳಗೆ ಅರ್ಧ ನಿಂಬೆಹಣ್ಣು ಕೂಡುವಂತಿತ್ತು. ಅಲ್ಲಿನ ಡಾಕ್ಟರರು ಸತ್ತ ಮಾಂಸ ಕೆತ್ತಿ ತೆಗೆದು, ಇಂಜೆಕ್ಷನ್ ಕೊಟ್ಟು ಜ್ವರ ಇಳಿಸಿದರು. ಮನೆಗೆ ಕಳಿಸುವಾಗ ನನ್ನನ್ನು ಬದಿಗೆ ಕರೆದು ಹೇಳಿದರು: "ಈ ಗಾಯ ಮುಚ್ಚಬೇಕ್ರಿ. ಮುಚ್ಚಲಿಲ್ಲ ಅಂದ್ರ ಪಾದ ಉಳಿಸೂದು ನನ್ನ ಕೈಯಾಗ ಇಲ್ಲ." ಒಂದು ಜೆಲ್ಲಿನ ಪಟ್ಟಿ ಬರೆದುಕೊಟ್ಟರು. ಅದನ್ನು ಸರಿಯಾಗಿ ಹಾಕಬಲ್ಲವಳು ನಿಪ್ಪಾಣಿಯಲ್ಲೇ ಇದ್ದಾಳೆ ಎಂದು ಆಕೆಯ ಫೋನ್ ನಂಬರನ್ನೂ ಕೊಟ್ಟರು.

ಹೀಗೆ ಆಕೆ ಬಂದಳು. ನನಗಿಂತ ಒಂದು ಹನ್ನೆರಡು ವರ್ಷಕ್ಕೆ ಸಣ್ಣವಳು. ಕುಳ್ಳಗೆ, ದುಂಡಗೆ, ಹಲ್ಲು ತುಸು ಮುಂದೆ. ಅಥಣಿ ಕಡೆಯ ಐಗಳಿ ಆಕೆಯ ಗಂಡನ ಊರು. ಒಳಗೆ ಕಾಲಿಡುತ್ತಲೇ "ವೈನಿ, ಕೈ ಎಲ್ಲಿ ತೊಳಕೊಳ್ಲಿ?" ಎಂದಳು. ಯಾರ ಅತ್ತಿಗೆ, ಎಲ್ಲಿಯ ವೈನಿ? ಮನೆಯವರ ಕಡೆ ತಿರುಗಿ "ದಾದಾ, ಕಾಲ ಇಲ್ಲಿ ಇಡ್ರಿ" ಎಂದು ತನ್ನ ತೊಡೆಯ ಮೇಲೆ ಟವೆಲ್ಲು ಹಾಸಿದಳು.

ಅವರು ಹಿಂಜರಿದರು. ಹಿಂಜರಿಯದೆ ಏನು? ಆಸ್ಪತ್ರೆಯಿಂದ ಬಂದಾಗಿನಿಂದ ಆ ಕಾಲನ್ನು ನನಗೂ ತೋರಿಸದೆ ಮುಚ್ಚಿಟ್ಟುಕೊಂಡವರು. "ನೀ ಒಳಗ ಹೋಗ, ಇದನ್ನೆಲ್ಲಾ ನೀ ಯಾಕ ನೋಡ್ತಿ?" ಎಂದು ನನ್ನನ್ನು ಅಟ್ಟಿದವರು.

"ನಾಚಕಿ ಪಾಚಕಿ ಏನೂ ಬ್ಯಾಡ್ರಿ ದಾದಾ. ನಾ ಕಾಲ ನೋಡಾಕ ಬಂದೀನಿ, ಮಾರಿ ನೋಡಾಕಲ್ಲ," ಎಂದಳು ಆಕೆ.

ಅವರು ನಕ್ಕರು. ಕಾಲು ಇಟ್ಟರು.

ಹಬ್ಬಹಬ್ಬಕ್ಕೂ ಆ ಪಾದಗಳಿಗೆ ಹಣೆ ಹಚ್ಚಿದವಳು ನಾನು. ಅಷ್ಟು ವರ್ಷದಲ್ಲಿ ಅಂಗಾಲು ಹೇಗಿದೆ ಎಂದು ನೋಡಿರಲಿಲ್ಲ. ನೋಡುವಂಥದ್ದು ಎಂದು ಅನಿಸಿಯೂ ಇರಲಿಲ್ಲ. ಆಕೆ ಬಂದ ಮೊದಲ ದಿನವೇ ಅದನ್ನು ತೊಡೆಯ ಮೇಲಿಟ್ಟುಕೊಂಡು, ಕೈಗವಸು ಹಾಕಿಕೊಂಡು, ಕನ್ನಡಿ ನೋಡಿದ ಹಾಗೆ ನೋಡುತ್ತ ಕೂತಳು. ಮಾತಾಡಿದ್ದೂ ಕಾಲಿನೊಂದಿಗೇ. "ಏನಪಾ ಸಾಹೇಬ, ರಾತ್ರಿ ನಿದ್ದಿ ಬಂತೇನು? ದಾದಾ ನಿನ್ನ ಮ್ಯಾಲ ಭಾರ ಹಾಕಿಲ್ಲ ಹೌದಲ್ಲೊ?" ನಮ್ಮ ಮನೆಯವರು, ಬಾಯಿ ಬಿಟ್ಟರೆ ಮುತ್ತು ಉದುರೀತು ಎಂದು ಬಾಯಿ ಮುಚ್ಚಿಕೊಂಡಿರುವ ಮನುಷ್ಯ, ಕಾಲಿನ ಪರವಾಗಿ ಉತ್ತರ ಕೊಟ್ಟರು: "ಬಂತ್ರಿ ಅಂತಾನ. ಭಾರ ಹಾಕಿಲ್ರಿ ಅಂತಾನ."

ಜೆಲ್ಲಿನ ಪಟ್ಟಿಯನ್ನು ಮೊದಲ ಸಲ ನೋಡಿದಾಗ ನನಗೆ ನಗು ಬಂತು. ಇದರಿಂದ ಕಾಲು ಉಳಿಯುತ್ತದೆಯೇ? ಏಕಾದಶಿಗೆ ನೆನೆಹಾಕಿದ ಸಾಬೂದಾಣಿಯನ್ನು ಹಿಚುಕಿ ತೆಳ್ಳಗೆ ತಟ್ಟಿದ ಹಾಗೆ ಒಂದು ಹಾಳೆ. ಆಚೆಯದು ಈಚೆ ಕಾಣುತ್ತದೆ. ಮುಟ್ಟಿದರೆ ತಂಪು. ಬಹಳ ಪಾಲು ನೀರೇ, ಆದರೆ ಹರಿಯದ ನೀರು. ಆಕೆ ಗಾಯವನ್ನು ಸಲೈನಿನಲ್ಲಿ ತೊಳೆದು, ಹಾಳೆಯನ್ನು ಸರಿಯಾಗಿ ಗಾಯದ ಆಕಾರಕ್ಕೇ ಕತ್ತರಿಸುತ್ತಿದ್ದಳು. ಅಂಚಿನ ಒಳ್ಳೆಯ ಚರ್ಮಕ್ಕೆ ತೇವ ತಾಗಬಾರದೆಂದು ಸುತ್ತಲೂ ಮುಲಾಮು ಬಳಿಯುತ್ತಿದ್ದಳು. "ಹೊಳಿ ಇದ್ದಂಗ್ರಿ ವೈನಿ. ನಡುವ ನೀರಿರಬೇಕು, ದಂಡಿ ಒಣಾ ಇರಬೇಕು. ನಡುವ ಒಣಗಿದ್ರ ಹೊಸ ಚರ್ಮ ಈಚಿಂದಾಚಿಗೆ ಈಸಿಕೊಂಡು ಹ್ಯಾಂಗ ಬರಬೇಕು?" ನಾನು ಕೇಳದೆಯೇ ಇದನ್ನು ನನಗೆ ಹೇಳಿದಳು. ಗಾಯ ಎಂದರೆ ಒಣಗಬೇಕು ಎಂದಷ್ಟೇ ತಿಳಿದಿದ್ದ ನಾನು ಹೂಂ ಎಂದು ಒಳಗೆ ಹೋದೆ.

ದಿನ ಬಿಟ್ಟು ದಿನ ಆಕೆ ಬರುತ್ತಿದ್ದಳು. ಆಕೆ ಬರುವ ದಿನ ನಮ್ಮ ಮನೆಯವರ ದಾಡಿ ಆಗಿರುತ್ತಿತ್ತು. ಇಸ್ತ್ರಿ ಮಾಡಿದ ಪೈಜಾಮ. ತಲೆಗೆ ಎಣ್ಣೆ. ಓಣಿಯ ತಿರುವಿನಲ್ಲಿ ಸ್ಕೂಟಿಯ ಸದ್ದಾದರೆ ನನಗಿಂತ ಮೊದಲು ಅವರಿಗೆ ಕೇಳುತ್ತಿತ್ತು. ನಾನು ಕೂಗಿದರೆ ಮಾತ್ರ ಕಿವಿ ಮಂದ. ಎದುರುಮನೆಯ ಕಟ್ಟೆಯ ಮೇಲೆ ಜಪಮಾಲೆ ಹಿಡಿದು ಕೂಡುವ ಜೈನರ ಆಯಿಗೆ ಇದೆಲ್ಲ ಕಾಣದೆ ಇರುತ್ತದೆಯೇ?

"ಏನ ಬೇ, ನಿನ್ನ ಗಂಡ ಇವತ್ತೂ ದಾಡಿ ಮಾಡ್ಕೊಂಡಾನಲ್ಲ! ಡ್ರೆಸ್ಸಿಂಗ್ ಕಾಲಿಗೋ, ಮಾರಿಗೋ?"

"ಎರಡಕ್ಕೂ ಐತ್ರಿ ಆಯಿ," ಎಂದು ನಕ್ಕೆ. ಒಳಗೆ ಬಂದು ಹಾಗಲಕಾಯಿಯನ್ನು ಅಗತ್ಯಕ್ಕಿಂತ ಜೋರಾಗಿ ಹೆಚ್ಚಿದೆ.

ಆ ಹಾಗಲಕಾಯಿಯ ಮಾತೂ ಹೇಳಬೇಕು. ಅನ್ನ ಬಿಡಿಸಿ ಜೋಳದ ರೊಟ್ಟಿಗೆ ತಂದವಳು ನಾನು. ಮೆಂತ್ಯ ನೆನೆಸಿದವಳು ನಾನು. ನೆಂಟರ ಮನೆಯ ಹೋಳಿಗೆಯ ತಟ್ಟೆಯನ್ನು ಅವರ ಮುಂದಿನಿಂದ ಎತ್ತಿ ಬೈಸಿಕೊಂಡವಳೂ ನಾನು. ಆಕೆ ಬೆರಳ ತುದಿ ಚುಚ್ಚಿ ಶುಗರ್ ನೋಡಿ "ಇಳದೈತ್ರಿ ದಾದಾ!" ಎಂದರೆ ಅವರು ಹೇಳುತ್ತಿದ್ದುದು "ಎಲ್ಲಾ ನಿನ್ನ ಕೈಗುಣ ತಂಗಿ" ಎಂದು.

ತಂಗಿ! ಐವತ್ತು ದಾಟಿದ ಮೇಲೆ ನನಗೊಬ್ಬ ನಾದಿನಿ ಹುಟ್ಟಿದಳು. ತಾಯಿ ಬದುಕಿದ್ದರೆ ಏನೆನ್ನುತ್ತಿದ್ದಳೋ.

ಪಟ್ಟಿ ಕಟ್ಟಿ ಮುಗಿದ ಮೇಲೆ ಆಕೆ ಚಹಾಕ್ಕೆ ಹೊರಗೆ ಕೂಡುತ್ತಿರಲಿಲ್ಲ. ಅಡುಗೆಮನೆಗೆ ಬಂದು, ಬಾಗಿಲಿಗೆ ಬೆನ್ನು ಮಾಡಿ, ಬಸಿಯಲ್ಲಿ ಸುರಿದುಕೊಂಡು ಕುಡಿಯುತ್ತಿದ್ದಳು. "ಸಕ್ರಿ ಇನ್ನೊಂದ ಚಮಚ ಹಾಕ್ರಿ ವೈನಿ, ದಾದಾನ ಪಾಲಿಂದೂ ನನಗ ಹಾಕ್ರಿ. ಅವರ ಕಣ್ಣಿಗೆ ಬೀಳಬಾರದು ಅಂತ ಇಲ್ಲಿ ಬಂದೀನಿ." ನಾನು ಚಮಚ ತುಂಬ ಹಾಕುತ್ತಿದ್ದೆ. ಅಷ್ಟು ಸಿಹಿ ಕುಡಿದವಳು ಮುಖ ಸಿಂಡರಿಸಲಿ ಎಂದು. ಆಕೆ ಬಸಿಯನ್ನೂ ನೆಕ್ಕುವವಳಂತೆ ಕುಡಿದು "ಫಸ್ಟ್‌ಕ್ಲಾಸ್" ಎಂದು ಹೋಗುತ್ತಿದ್ದಳು.

ಮಳೆಗಾಲ ಹಿಡಿಯಿತು. ನಿಪ್ಪಾಣಿಯ ಮಳೆಯಲ್ಲಿ ಗೋಡೆ, ಹಾಸಿಗೆ, ಉಪ್ಪಿನ ಡಬ್ಬಿ ಎಲ್ಲ ಹಸಿಹಸಿ. ವಖಾರಿಯಲ್ಲಿ ಆಯುಷ್ಯ ಕಳೆದವರಿಗೆ ಹಸಿ ಎಂದರೆ ಶತ್ರು. ಎಲೆಗೆ ಒಂದು ಮೂಲೆಯಲ್ಲಿ ನೀರು ತಾಗಿದರೆ ಒಟ್ಟಿದ ಇಡೀ ಥಪ್ಪಿಗೆ ಬೂಸು ಹಿಡಿಯುತ್ತದೆ. ಅಂಥವರ ಕಾಲಿನ ಗಾಯದ ಮೇಲೆ ಆಕೆ ತೇವವನ್ನೇ ಕಟ್ಟಿ ಹೋಗುತ್ತಿದ್ದಳು. ಅವರು ಆಕೆಯ ಮುಂದೆ ಏನೂ ಅನ್ನಲಿಲ್ಲ. ಒಂದು ದಿನ ಮಳೆ ಬಿಟ್ಟು ಚುರುಕು ಬಿಸಿಲು ಬಿತ್ತು. ಹಾಸಿಗೆ ಬಿಸಿಲಿಗೆ ಹಾಕಲು ಮಾಳಿಗೆ ಹತ್ತಿದೆ. ಅಲ್ಲಿ ಇವರು ಕುರ್ಚಿಯ ಮೇಲೆ ಕೂತು ಕಾಲನ್ನು ಮೋಟುಗೋಡೆಯ ಮೇಲೆ ಚಾಚಿದ್ದರು. ಪಟ್ಟಿ ಬಿಚ್ಚಿ ಪೇಪರಿನ ಮೇಲೆ ಇಟ್ಟಿದ್ದರು. ಕೈಯಲ್ಲಿ ತಂಬಾಕಿನ ಹುಡಿಯ ಡಬ್ಬಿ.

ತಂಬಾಕಿನ ಸೀಮೆಯವರಿಗೆ ಇದು ವಿಚಿತ್ರವಲ್ಲ. ಕುಡುಗೋಲು ತಾಗಿದರೆ ಹುಡಿ ಒತ್ತುವುದನ್ನು ಎಲ್ಲರೂ ಕಂಡವರೇ. ಆದರೆ ಅದು ಬೆರಳಿನ ಗೀರು, ಇದು ಪಾದ.

"ನಿನ್ನಿಂದ ಹಾಕಾಕತ್ತೀನಿ. ಇನ್ನೆರಡ ದಿನದಾಗ ಒಣಗತೈತಿ ನೋಡ," ಎಂದರು. ದನಿ ತಗ್ಗಿಸಿ "ಆಕಿಗೆ ಹೇಳಬ್ಯಾಡ" ಎಂದರು.

ಆಕಿಗೆ ಹೇಳಬ್ಯಾಡ. ಎಷ್ಟೋ ವಾರಗಳ ಮೇಲೆ ಆಕೆಯನ್ನು ಹೊರಗಿಟ್ಟು ನಮ್ಮಿಬ್ಬರದೇ ಒಂದು ಗುಟ್ಟು. ಆ ಮಾತು ನನಗೆ ಎಷ್ಟು ಸಿಹಿಯಾಗಿತ್ತೆಂದರೆ, ಒಂದು ಗಳಿಗೆ ಹಾಸಿಗೆಯನ್ನು ತೋಳಲ್ಲಿ ಹಿಡಿದುಕೊಂಡೇ ನಿಂತೆ. ಆಮೇಲೆ ಗಾಯ ನೋಡಿದೆ. ಗುಲಾಬಿ ಬಣ್ಣಕ್ಕೆ ತಿರುಗಿದ್ದ ತಳ ಕಂದಿ, ಮೇಲೆ ಹುಡಿ ಕೂತು, ಅಂಚು ಬೇಸಗೆಯ ಕೆರೆಯಂತೆ ಬಿರಿದಿತ್ತು. ಸುತ್ತ ಕೆಂಪು ಏರುತ್ತಿತ್ತು. ಕೆಳಗೆ ಬಂದು ಫೋನ್ ಮಾಡಿದೆ. ಕಾಲಿನ ಕಾಳಜಿಯಿಂದ ಮಾಡಿದೆ ಎಂದರೆ ಅರ್ಧ ಮಾತು. ಇವತ್ತಾದರೂ ಆಕೆಯ ಕೈಯಲ್ಲಿ ಬೈಸಿಕೊಳ್ಳಲಿ, ತಂಗಿಯ ಬಾಯಿ ಎಂಥದೆಂದು ತಿಳಿಯಲಿ ಎಂಬುದು ಇನ್ನರ್ಧ.

ಆಕೆ ತನ್ನ ಸರದಿಯ ದಿನವಲ್ಲದಿದ್ದರೂ ಅರ್ಧ ತಾಸಿನಲ್ಲಿ ಬಂದಳು. ನಾನು ಬಾಗಿಲ ಹತ್ತಿರವೇ ನಿಂತೆ, ಒಂದು ಮಾತೂ ತಪ್ಪಿಹೋಗಬಾರದೆಂದು. ಬಳೆ ಏರಿಸಿದಳು. ರಬ್ಬರ್ ಬ್ಯಾಂಡ್ ಹಾಕಿದಳು. ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದವಳ ಮುಖದಿಂದ ನಗು ಇಳಿದುಹೋಯಿತು. ಕಾಲಿನೊಂದಿಗೂ ಮಾತಾಡಲಿಲ್ಲ. ಸಲೈನ್ ಬಿಟ್ಟು, ಬಿಟ್ಟು, ಹುಡಿಯನ್ನು ಕಣಕಣವಾಗಿ ತೆಗೆದಳು. ಪಟ್ಟಿಯ ಚೀಲದಿಂದ ಜೆಲ್ಲು ತೆಗೆಯಲಿಲ್ಲ. "ಇವತ್ತು ಜೆಲ್ ಹಾಕಂಗಿಲ್ಲ. ನಂಜ ಏರೈತಿ. ನಾಳೆ ಮುಂಜಾನೆ ಮಿರಜಿಗೆ ಹೋಗ್ರಿ, ಡಾಕ್ಟರ್ ನೋಡಿ ಹೇಳಲಿ." ಇಷ್ಟೇ. ಬೈಗುಳ ಎಲ್ಲಿ? ಬಟ್ಟೆಯ ಪಟ್ಟಿ ಸುತ್ತಿ ಮುಗಿಸಿದ ಮೇಲೆ ಸಣ್ಣ ದನಿಯಲ್ಲಿ ಕೇಳಿದಳು: "ಯಾಕ ದಾದಾ?"

"ಹಸೀ ಎಲಿ ಕಟ್ಟಿದ್ರ ಕೊಳೀತೈತಿ ತಂಗಿ," ಎಂದರು ಅವರು, ತಲೆ ತಗ್ಗಿಸಿ.

"ಹಂಗಾರ ಕರಕರ ಒಣಗಿದ್ದು ಕಟ್ಟತೀರೇನು?"

"ಛೆ! ಅದ್ಹ್ಯಾಂಗ ಕಟ್ಟಾಕ ಬರತೈತಿ? ಮುಟ್ಟಿದ್ರ ಹುಡಿ ಆಗ್ತೈತಿ. ಒಣಗಿದ ಎಲಿ ಹಗಲಿ ಮುಟ್ಟೂದ ಇಲ್ಲ. ಹೊಲದಾಗ ಇಬ್ಬನಿಗೆ ಬಿಡಬೇಕು. ನಸುಕಿನ್ಯಾಗ ಅದು ಮೆತ್ತಗ ಆಗಿರತೈತಿ, ನೀರ ಇಲ್ಲ, ಒಣಾನೂ ಅಲ್ಲ. ಆವಾಗ ಎತ್ತಿದ್ರ ಒಂದ ಎಲಿನೂ ಮುರಿಯಂಗಿಲ್ಲ. ಅದಕ್ಕ ಹದ ಅಂತಾರ. ಆ ಹದ..." ಎಂದವರು ಅಲ್ಲಿಯೇ ನಿಂತರು. ತಮ್ಮ ಕಾಲು ನೋಡಿದರು. ಆಕೆಯ ಚೀಲದಿಂದ ಇಣುಕುತ್ತಿದ್ದ ಜೆಲ್ಲಿನ ಪಾಕೀಟು ನೋಡಿದರು. "ಇದೂ ಇಬ್ಬನಿ ಅನ್ನು," ಎಂದರು.

"ನೀವ ಹೇಳಿದ್ರಿ ನೋಡ್ರಿ. ನನಗ ಇಷ್ಟ ಛಂದ ಹೇಳಾಕ ಬರತಿರಲಿಲ್ಲ," ಎಂದಳು. ನಗು ತಿರುಗಿ ಬಂದಿತ್ತು. ಬಳೆಗಳು ಝಲ್ಲೆಂದು ಇಳಿದವು.

ನಾನು ಚಹಾಕ್ಕೆ ಇಡಲಿಲ್ಲ. ಮೂವತ್ತು ವರ್ಷ ಅವರ ಅಂಗಿಯಿಂದ ತಂಬಾಕಿನ ವಾಸನೆ ಒಗೆದು ತೆಗೆದವಳಿಗೆ ಆ ಇಬ್ಬನಿಯ ಮಾತು ಒಂದು ದಿನವೂ ಹೇಳಿರಲಿಲ್ಲ. ನಸುಕಿನ ಹೊಲ, ಮೆತ್ತಗಾದ ಎಲೆ, ಹದ. ಕೇಳಿದವಳು ಆಕೆ. ನಾನು ಕೇಳಿರಲಿಲ್ಲ ಎಂಬುದು ಅಡುಗೆಮನೆಯಲ್ಲಿ ನಿಂತಾಗ ಹೊಳೆಯಿತು. ಹೊಳೆದದ್ದರಿಂದ ಹೊಟ್ಟೆಯುರಿ ಕಡಿಮೆಯಾಗಲಿಲ್ಲ, ಇನ್ನೂ ಹೆಚ್ಚಾಯಿತು.

ಮಿರಜಿನಲ್ಲಿ ಮತ್ತೆ ಕೆತ್ತಿದರು. ಹೆಬ್ಬೆರಳು ಹೋಗಬಹುದು ಎಂದರು. ಅಲ್ಲಿ ಕಳೆದ ದಿನಗಳಲ್ಲಿ ನಾನು ಯಡೂರಿನ ದೇವರಿಗೆ ಏನೇನು ಹೇಳಿಕೊಂಡೆ ಎಂಬುದು ನನಗೂ ಅವನಿಗೂ ಗೊತ್ತು. ಬೆರಳು ಉಳಿಯಿತು. ನಂಜು ಇಳಿದ ಮೇಲೆ ಡಾಕ್ಟರರು ಮತ್ತೆ ಜೆಲ್ಲಿಗೆ ಒಪ್ಪಿದರು, ಮತ್ತೆ ಸ್ಕೂಟಿ ಓಣಿಗೆ ಬಂತು. ಈಗ ಮಾತ್ರ ಇವರು ಗಡಿಯಾರ ನೋಡಿ ಕಾಯುವವರಾದರು. "ಇಬ್ಬನಿ ಬಂತೇನು?" ಎಂದು ಕೇಳುವವರಾದರು. ಪಟ್ಟಿಗೆ ಹೆಸರಾಯಿತೋ, ಆಕೆಗೋ, ಕೇಳಲಿಲ್ಲ ನಾನು.

ಪಂಚಮಿ ಬಂತು. ಓಣಿಯ ಮನೆಮನೆಗೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಅಕ್ಕತಂಗಿಯರಿಲ್ಲದ ನಮ್ಮ ಮನೆಯವರು ಪ್ರತಿ ವರ್ಷ ಆ ದಿನ ಏನಾದರೂ ನೆಪ ತೆಗೆದು ವಖಾರಿಗೆ ಹೋಗಿಬಿಡುತ್ತಿದ್ದರು. ಈ ಸಲ ಹಿಂದಿನ ದಿನವೇ "ಶೇಂಗಾ ಉಂಡಿ ಮಾಡ" ಎಂದರು. ಹಬ್ಬದ ದಿನ ಆಕೆ ಕಾಲು ಕಟ್ಟಿ ಏಳುವಾಗ ಇವರು ಒಳಗೆ ಹೋಗಿ, ಊರುಗೋಲು ಊರುತ್ತ ಬಂದು, ಒಂದು ಸೀರೆ ಕೊಟ್ಟರು. ಹಸಿರು ಒಡಲು, ಕೆಂಪು ಸೆರಗು, ಇಳಕಲ್ಲ ಸೀರೆ. ನನ್ನ ಟ್ರಂಕಿನದು. ನನ್ನ ತವರಿನವರು ಕೊಟ್ಟದ್ದು, ಮಡಿಕೆ ಬಿಚ್ಚದೆ ಇಟ್ಟದ್ದು. ಗಂಡಸರಿಗೆ ಟ್ರಂಕಿನಲ್ಲಿದ್ದ ಸೀರೆಗಳೆಲ್ಲ ಒಂದೇ.

ಆಕೆ ಅಡುಗೆಮನೆಗೆ ಬಂದಳು. ನನ್ನ ಮುಖ ನೋಡಿದಳು, ಸೀರೆ ನೋಡಿದಳು. "ಇದು ನಿಮ್ಮದು. ಹೌದಲ್ರಿ ವೈನಿ?"

ತಿರುಗಿ ಕೊಡುತ್ತಾಳೆ, ನಾನು ಬೇಡ ಬೇಡ ಎನ್ನಬೇಕು, ಕಡೆಗೆ ಇಸಿದುಕೊಳ್ಳಬೇಕು ಎಂದು ಮನಸ್ಸಿನಲ್ಲೇ ತಯಾರಾದೆ.

ಆಕೆ ಸೀರೆಯನ್ನು ಎದೆಗವಚಿಕೊಂಡಳು. "ನಾದಿನಿ ಕೈಗೆ ಬಂದ ಸೀರಿ ತಿರುಗಿ ಹೋಗಂಗಿಲ್ರಿ. ನೀವು ಬೈಬೇಕು, ನಾ ಉಡಬೇಕು. ಹಂಗ ಐತಿ ಪದ್ಧತಿ."

"ತಗೊಂಡ ಹೋಗ ಮಾರಾಯ್ತಿ! ಉಟ್ಟು ಹರಿ!" ಎಂದೆ. ಅಷ್ಟು ದಿನ ಮಾತಿನ ಕೊನೆಗೆ 'ರಿ' ಹಚ್ಚಿ ದೂರ ಇಟ್ಟವಳನ್ನು ಅವತ್ತು ಏಕವಚನದಲ್ಲಿ ಬೈದುಬಿಟ್ಟಿದ್ದೆ. ಆಕೆಗೆ ಬೇಕಾಗಿದ್ದುದು ಅದೇ ಎಂಬಂತೆ ಎರಡು ಉಂಡಿ ಎತ್ತಿಕೊಂಡು ನಗುತ್ತ ಹೋದಳು.

ದೀಪಾವಳಿಗೆ ಇನ್ನೂ ಕೆಲ ದಿನ ಇದ್ದಾಗ ಮಿರಜಿನ ಡಾಕ್ಟರರು ಪಟ್ಟಿ ಬಿಚ್ಚಿ, ಬೆರಳಿಂದ ಒತ್ತಿ, "ಮುಚ್ಚೇತಿ" ಎಂದರು. ಗಾಯ ಇದ್ದಲ್ಲಿ ಹೊಳೆಯುವ ಹೊಸ ಚರ್ಮ. ಮೆತ್ತನೆಯ ಅಟ್ಟೆಯ ಕರಿ ಶುಗರ್ ಚಪ್ಪಲಿ ಕೊಟ್ಟು, ಇನ್ನು ಮನೆಯೊಳಗೂ ಬರಿಗಾಲು ಬೇಡ ಎಂದರು. ಕಾರು ಓಣಿಗೆ ಬಂದಾಗ ನಮ್ಮ ಹೊಸ್ತಿಲಲ್ಲಿ ಆಕೆ ನಿಂತಿದ್ದಳು. ನನ್ನ ಹಸಿರು ಸೀರೆ ಉಟ್ಟು. ಎರಡೂ ಕೈ ಚೌಕಟ್ಟಿಗೆ ಅಡ್ಡ ಚಾಚಿ.

"ಬಾಗಲಾ ಬಿಡಂಗಿಲ್ಲ. ಏನ ಕೊಡ್ತೀರಿ ಹೇಳ್ರಿ!"

ಎದುರುಮನೆಯ ಆಯಿ ಜಪಮಾಲೆ ಬಿಟ್ಟು ಚಪ್ಪಾಳೆ ತಟ್ಟಿದಳು. ನಮ್ಮ ಮನೆಯವರು ಉಬ್ಬಿಹೋದರು. "ಕೇಳ ತಂಗಿ, ಏನ ಬೇಕ ಕೇಳ. ಇನ್ನೊಂದ ಸೀರಿ ಕೊಡ್ತೀನಿ."

"ನಿಮಗ್ಯಾರ ಕೇಳ್ಯಾರ ದಾದಾ? ನಾದಿನಿ ಕೇಳೂದು ವೈನಿನ್ನ."

ನನ್ನ ಕೈಯಲ್ಲಿ ಔಷಧದ ಚೀಲ, ಬೆನ್ನಿಗೆ ಪ್ರಯಾಣದ ನೋವು. "ಕೇಳ," ಎಂದೆ.

"ಇಷ್ಟ ದಿನ ಈ ಕಾಲ ನಂದಿತ್ತು. ಇವತ್ತು ನಿಮಗ ಕೊಟ್ಟ ಹೋಗ್ತೀನಿ. ದಿನಾ ಸಂಜೀಕ ನಿಮ್ಮ ತೊಡಿ ಮ್ಯಾಲ ಇಟ್ಕೊಂಡು ನೋಡಬೇಕು. ಎಲ್ಲಿ ಬಿರಕ ಐತಿ, ಎಲ್ಲಿ ಗಟ್ಟಿ ಆಗೇತಿ, ಎಲ್ಲಿ ಬಿಸಿ ಐತಿ, ನಾ ಯಾವಾಗ ಕೇಳಿದ್ರೂ ಹೇಳಬೇಕು. ಮಾತ ಕೊಡ್ರಿ." ಆಮೇಲೆ ಅವರ ಕಡೆ ತಿರುಗಿ, ನಗದೆ ಹೇಳಿದಳು: "ದಾದಾ, ವೈನಿ ಕೇಳಿದಾಗ ಕಾಲ ಮುಚ್ಚಿದ್ರಿ ಅಂದ್ರ ನಾ ನಿಮ್ಮ ತಂಗಿ ಅಲ್ಲ."

ಮಾತು ಕೊಟ್ಟೆ. ಆಕೆ ಕೈ ತೆಗೆದಳು. ಮದುವೆಯಾದ ಮೂವತ್ತು ವರ್ಷಕ್ಕೆ ಬಾಗಿಲು ತಡೆಸಿಕೊಂಡು ಒಳಗೆ ಬಂದೆ.

ಆ ಸಂಜೆ ಅವರು ತಾವಾಗಿಯೇ ಕಾಲು ಚಾಚಿದರು. ಟವೆಲ್ಲು ಹಾಸಿ ಇಟ್ಟುಕೊಂಡೆ. ಎಷ್ಟು ಭಾರ ಇತ್ತು! ಆಕೆ ಇದನ್ನು ಅಷ್ಟು ಹಗುರವಾಗಿ ಹೇಗೆ ಇಟ್ಟುಕೊಳ್ಳುತ್ತಿದ್ದಳು ಎಂದುಕೊಂಡೆ. ಅದಕ್ಕೂ ಹೊಟ್ಟೆಕಿಚ್ಚುಪಟ್ಟೆ.

ಮುಂದಿನ ವರ್ಷ ಆಕೆಯ ಗಂಡ ಐಗಳಿಯಲ್ಲಿ ದ್ರಾಕ್ಷಿ ತೋಟ ನೋಡಿಕೊಳ್ಳಬೇಕಾಗಿ ಬಂದು ಅವರಿಬ್ಬರೂ ನಿಪ್ಪಾಣಿ ಬಿಟ್ಟರು. ಹೋಗುವಾಗ ಹೊಸ ಅಪ್ಪಣೆ: ಪ್ರತಿ ರವಿವಾರ ಅಂಗಾಲಿನ ಫೋಟೋ ತೆಗೆದು ವಾಟ್ಸಾಪಿಗೆ ಕಳಿಸಬೇಕು. ನನ್ನ ಗಂಡ ವಾರಕ್ಕೊಮ್ಮೆ ಬೇರೆ ಹೆಣ್ಣುಮಗಳಿಗೆ ತನ್ನ ಕಾಲಿನ ಫೋಟೋ ಕಳಿಸುತ್ತಾನೆ, ಆ ಫೋಟೋ ತೆಗೆಯುವವಳು ನಾನು! ಆಯಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಉತ್ತರ ತಪ್ಪದೆ ಬರುತ್ತಿತ್ತು: "ದಂಡಿ ಒಣಾ ಐತಿ. ಶಾಬ್ಬಾಸ್ ವೈನಿ." ಒಮ್ಮೆ ಮಾತ್ರ "ಕಿರಿಬೆರಳಿನ ಬದಿ ಕೆಂಪ ಕಾಣತೈತಿ, ನಾಳೆನ ಡಾಕ್ಟರಿಗೆ ತೋರಸ್ರಿ" ಎಂದು ಬಂತು. ತೋರಿಸಿದೆವು. ಚಪ್ಪಲಿಯ ಪಟ್ಟಿ ತಿಕ್ಕುತ್ತಿತ್ತು, ಗಾಯವಾಗುವ ಮೊದಲೇ ಸರಿ ಮಾಡಿಸಿದೆವು. ಚಳಿಗಾಲ ಮುಗಿದರೆ ಒಣದ್ರಾಕ್ಷಿಯ ಪೊಟ್ಟಣ ಬರುತ್ತಿತ್ತು, ಮೇಲೆ ಬರೆದಿರುತ್ತಿತ್ತು: "ವೈನಿಗೆ ಅಷ್ಟ. ದಾದಾ ಮುಟ್ಟಿದ್ರ ಕೈ ಮುರೀತೀನಿ."

ಈ ವರ್ಷ ದ್ರಾಕ್ಷಿ ಕಟಾವಿನ ಹೊತ್ತಿಗೆ ಒಂದು ಮುಂಜಾನೆ ಆಕೆಯ ನಂಬರಿನಿಂದ ಫೋನ್ ಬಂತು. "ಏನವಾ ತಂಗಿ, ಇವತ್ತ ರವಿವಾರ ಅಲ್ಲಲ್ಲ!" ಎಂದು ಇವರು ನಗುತ್ತ ಎತ್ತಿದರು. ಆಚೆಯಿಂದ ಆಕೆಯ ಗಂಡನ ದನಿ. ಆಕೆಗೆ ಎದೆನೋವು ಬಂದು, ಅಥಣಿಯ ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು.

ಆಕೆಯ ಗಂಡನನ್ನು ಮಾತಾಡಿಸಿ ಬರಲು ಐಗಳಿಗೆ ಹೋದೆವು. ಬಾಗಿಲಿಗೆ ಬಂದವಳು ಅಲ್ಲಿಯೇ ನಿಂತೆ. ಹೊಸ್ತಿಲ ಹೊರಗೆ ಸಾಲಾಗಿ ಕರಿ ಶುಗರ್ ಚಪ್ಪಲಿಗಳು, ಎಲ್ಲ ನಮ್ಮ ಮನೆಯವರ ಚಪ್ಪಲಿಯಂಥವೇ. ಅವುಗಳ ಮಾಲೀಕರು ಕಾಲುಚೀಲ ಹಾಕಿಕೊಂಡು ಒಳಗೆ ಕೂತಿದ್ದರು: ಕಾಗವಾಡದವರು, ರಾಯಬಾಗದವರು, ಚಿಕ್ಕೋಡಿಯವರು. ಬಾಯಿಗೆ ಟವೆಲ್ಲು ಒತ್ತಿಕೊಂಡು "ನನಗ ದಾದಾ ಅಂತಿದ್ಲು" ಎನ್ನುತ್ತಿದ್ದರು. ಹೆಂಗಸರ ನಡುವೆ ಕೂತೆ. ಪಕ್ಕದಲ್ಲಿದ್ದ ರಾಯಬಾಗದ ಹೆಣ್ಣುಮಗಳು ಮೂಗು ಒರೆಸಿಕೊಂಡು "ವೈನಿ ವೈನಿ ಅಂತ ನನ್ನ ಅಡಿಗಿಮನ್ಯಾಗ ಬಂದ ನಿಲ್ಲತಿದ್ಲ್ರಿ, ಚಹಾಕ್ಕ" ಎಂದಳು.

ನನ್ನ ಎದೆಗೆ ಕೊಳ್ಳಿ ಇಟ್ಟಂತಾಯಿತು. ಇಷ್ಟು ದಿನ ಗಂಡನಿಗಾಗಿ ಆಕೆಯ ಮೇಲೆ ಉರಿದವಳು ಈಗ ಆಕೆಗಾಗಿ ಈ ಹೆಂಗಸಿನ ಮೇಲೆ ಉರಿಯುತ್ತಿದ್ದೆ. ಚಹಾಕ್ಕೆ ಇವಳೂ ಎರಡು ಚಮಚ ಹಾಕುತ್ತಿದ್ದಳೋ? ತಡೆಯಲಾರದೆ ಕೇಳಿದೆ: "ನಿಮ್ಮ ಬಾಗಲಾ ತಡದಿದ್ಲೇನ್ರಿ?"

"ಬಾಗಲಾ? ಇಲ್ರಿ," ಎಂದಳು ಆ ಹೆಣ್ಣುಮಗಳು, ಅರ್ಥವಾಗದೆ.

ಸ್ವಲ್ಪ ತಂಪಾಯಿತು. ಆಗ ತಲೆಯೆತ್ತಿ ಗೋಡೆಯ ಮೇಲಿನ ಫೋಟೋ ನೋಡಿದೆ. ಹಾರ ಹಾಕಿದ್ದರು. ಹಾರದ ಹಿಂದೆ ಹಸಿರು ಒಡಲು, ಕೆಂಪು ಸೆರಗು. ಇಷ್ಟು ಮಂದಿ ವೈನಿಯರಿದ್ದರೂ ಫೋಟೋಕ್ಕೆ ಉಟ್ಟದ್ದು ನನ್ನ ಸೀರೆ. ಉಟ್ಟು ಹರಿ ಎಂದಿದ್ದೆ, ಹರಿಯಲಿಲ್ಲ ಆಕೆ. ಅಲ್ಲಿಯವರೆಗೆ ಬಾರದ ಅಳು ಆಗ ಬಂತು.

ಮುಂದಿನ ರವಿವಾರ ಅವರು ಎಂದಿನಂತೆ ಕಾಲು ತೊಳೆದು, ಬೆರಳ ಸಂದಿಗಳನ್ನು ಒರೆಸಿ, ಸ್ಟೂಲಿನ ಮೇಲೆ ಇಟ್ಟುಕೊಂಡು ಕೂತರು. ನಾನು ಬಳೆ ಏರಿಸಿಕೊಂಡು, ಒತ್ತಿ, ಮುಟ್ಟಿ ನೋಡಿ, ಅವರ ಫೋನಿನಲ್ಲಿ ಫೋಟೋ ತೆಗೆದು ಕೈಗೆ ಕೊಟ್ಟೆ. ಅವರು ಆಕೆಯ ನಂಬರು ತೆರೆದು, ಮತ್ತೆ ಮುಚ್ಚಿದರು.

"ಯಾರಿಗೆ ಕಳಸೂದು?" ಎಂದರು.

"ನನಗ ಕಳಸ್ರಿ," ಎಂದು ಅಡುಗೆಮನೆಗೆ ಹೋದೆ. ಒಲೆಯ ಹತ್ತಿರ ಇಟ್ಟಿದ್ದ ನನ್ನ ಫೋನು ಸದ್ದು ಮಾಡಿತು. ತೆರೆದು ನೋಡಿದೆ. ಆಗಷ್ಟೇ ಮುಟ್ಟಿ ಬಂದ ಅಂಗಾಲನ್ನೇ ಮತ್ತೆ ಬಹಳ ಹೊತ್ತು ನೋಡಿದೆ. "ದಂಡಿ ಒಣಾ ಐತಿ" ಎಂದು ಬರೆದು ಕಳಿಸಿದೆ.

ಪಡಸಾಲೆಯಿಂದ ದನಿ ಬಂತು. "ಆಕಿ ಇನ್ನೊಂದ ಬರೀತಿದ್ಲಲ್ಲ?"

"ಅದನ್ನ ನಾ ಹ್ಯಾಂಗ ಬರೀಲಿ? ಬೇಕಾದ್ರ ನೀವ ಬರೀರಿ," ಎಂದೆ.

ಸ್ವಲ್ಪ ಹೊತ್ತಾದ ಮೇಲೆ ಫೋನು ಮತ್ತೆ ಸದ್ದು ಮಾಡಿತು. "ಶಾಬ್ಬಾಸ್" ಎಂದಿತ್ತು. ಇಷ್ಟು ವರ್ಷಗಳಲ್ಲಿ ಅವರಿಂದ ನನಗೆ ಆ ಮಾತು ಬಂದದ್ದು ಅದೇ ಮೊದಲು. ಅದೂ ಆಕೆಯದೇ ಮಾತು, ಸಾಲ ತಂದದ್ದು. ಹೊಟ್ಟೆ ಉರಿಯಿತು. ಉರಿದರೂ ಅಳಿಸಲಿಲ್ಲ, ಇಟ್ಟುಕೊಂಡಿದ್ದೇನೆ.